ಆಮೆಯೂ ಮೀನೂ ಒಂದೇ ಟ್ಯಾಂಕಿನಲ್ಲಿ: ತಪ್ಪು ಆಮೆಯ ಬಾಯಿಯದೋ, ನೀರಿನದೋ?

ಆಮೆ ಇರುವ ಟ್ಯಾಂಕಿನಲ್ಲಿ ಮೀನು ಸತ್ತರೆ ಎಲ್ಲರೂ ಮೊದಲು ಬೈಯುವುದು ಆಮೆಯನ್ನೇ. ಬೈದರೆ ತಪ್ಪೂ ಅಲ್ಲ, ಆಮೆಗೆ ಮೀನು ಅಂದ್ರೆ ಊಟ. ಆದರೆ ಆಮೆಯ ಬಾಯಿಗೆ ಸಿಗುವ ಹೊತ್ತಿಗೆ ಆ ಮೀನು ಎಷ್ಟು ಗಟ್ಟಿಯಾಗಿತ್ತು ಎಂದು ಕೇಳುವವರು ಕಡಿಮೆ. ತಿಂಗಳುಗಟ್ಟಲೆ ತಪ್ಪಿಸಿಕೊಂಡು ಓಡಾಡಿದ ಮೀನು ಇದ್ದಕ್ಕಿದ್ದಂತೆ ಸಿಕ್ಕಿಬಿದ್ದರೆ ಆಮೆ ಚುರುಕಾಯಿತು ಎನ್ನುವುದಕ್ಕಿಂತ ಮೀನು ನಿಧಾನವಾಯಿತು ಎನ್ನುವ ಸಾಧ್ಯತೆಯೇ ಜಾಸ್ತಿ. ಮೀನನ್ನು ನಿಧಾನ ಮಾಡುವುದು ಸಾಮಾನ್ಯವಾಗಿ ನೀರು.

ಇನ್ನೊಂದು ವಿಷಯ ತಲೆಯಲ್ಲಿರಲಿ. ಆಮೆ ಶ್ವಾಸಕೋಶದಿಂದ ಉಸಿರಾಡುತ್ತದೆ, ಮೂಗನ್ನು ನೀರಿನ ಮೇಲೆ ತಂದರೆ ಅದಕ್ಕೆ ಗಾಳಿ ಸಿಕ್ಕಿತು. ಮೀನಿಗೆ ಆ ಅನುಕೂಲ ಇಲ್ಲ, ಅದೇ ನೀರನ್ನು ಕಿವಿರಿನ ಮೂಲಕ ಹಾಯಿಸಿಕೊಂಡೇ ಬದುಕಬೇಕು. ಹಾಗಾಗಿ ನೀರು ಕೆಟ್ಟಾಗ ಮೊದಲು ಗೊತ್ತಾಗುವುದು ಮೀನಿನಲ್ಲಿ. ಆಮೆಯಲ್ಲಿ ಅದು ಕಣ್ಣು, ಚರ್ಮ, ಚಿಪ್ಪಿನ ತೊಂದರೆಯಾಗಿ ಕಾಣಿಸಿಕೊಳ್ಳುವುದಕ್ಕೆ ವಾರಗಳೇ ಬೇಕು. "ಆಮೆ ಆರಾಮಾಗಿದೆ, ಹಾಗಾಗಿ ನೀರು ಸರಿಯಿದೆ" ಎನ್ನುವ ಲೆಕ್ಕ ಈ ಟ್ಯಾಂಕಿನಲ್ಲಿ ನಡೆಯುವುದಿಲ್ಲ.

ಇಲ್ಲಿ ಹೇಳುವುದೆಲ್ಲ ರೆಡ್ ಈಯರ್ಡ್ ಸ್ಲೈಡರ್, ಮ್ಯಾಪ್ ಆಮೆ, ಮಸ್ಕ್ ಆಮೆಯಂಥವನ್ನು ಮೀನಿನ ಜೊತೆ ಇಟ್ಟವರಿಗೆ. ಸ್ನ್ಯಾಪಿಂಗ್ ಆಮೆ ಅಥವಾ ಮೆತ್ತನೆ ಚಿಪ್ಪಿನ ಆಮೆಯ ಜೊತೆ ಮೀನು ಬಿಟ್ಟಿದ್ದರೆ ದೋಷ ಹುಡುಕುತ್ತಾ ಕೂರಬೇಡಿ, ಮೀನು ತೆಗೆಯಿರಿ.

ನೀರು ಬದಲಿಸುವ ಮುಂಚೆ

ಮೀನು ಒದ್ದಾಡುವುದು ಕಂಡ ತಕ್ಷಣ ಕೈ ಬಕೆಟ್ಟಿಗೆ ಹೋಗುತ್ತದೆ. ಒಂದು ನಿಮಿಷ ತಡೆಯಿರಿ. ಒಂದು ಲೋಟ ನೀರು ತೆಗೆದಿಟ್ಟುಕೊಂಡು ಆಮೇಲೆ ಏನು ಬೇಕಾದರೂ ಮಾಡಿ. ನೀರು ಬದಲಿಸಿದ ಮೇಲೆ ಟೆಸ್ಟ್ ಮಾಡಿದರೆ ಅಂಕಿ ಸುಳ್ಳು ಹೇಳುತ್ತದೆ, ತೊಂದರೆ ಎಲ್ಲಿಂದ ಶುರುವಾಯಿತು ಎಂದು ಮತ್ತೆ ಗೊತ್ತಾಗುವುದಿಲ್ಲ.

ಆ ಲೋಟದ ನೀರಿನಲ್ಲಿ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ನಾಲ್ಕನ್ನೂ ನೋಡಿ. ಕಸದಿಂದ ಹುಟ್ಟುವ ವಿಷ ಅಮೋನಿಯಾ. ಫಿಲ್ಟರಿನ ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಎರಡನೇ ಗುಂಪು ಆ ನೈಟ್ರೈಟನ್ನು ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡುತ್ತದೆ. ಹನಿ ಹಾಕಿ ಬಣ್ಣ ನೋಡುವ ಕಿಟ್ ಇದ್ದರೆ ಒಳ್ಳೆಯದು. ಪಟ್ಟಿ ಅದ್ದಿ ನೋಡುವ ಕಿಟ್ಟಿನಲ್ಲಿ ಎಷ್ಟೋ ಸಲ ಅಮೋನಿಯಾ ಇರುವುದೇ ಇಲ್ಲ, ಇಲ್ಲಿ ನಮಗೆ ಮುಖ್ಯವಾಗಿ ಬೇಕಾದದ್ದೇ ಅದು. ಜೊತೆಗೆ ನಲ್ಲಿ ನೀರನ್ನೂ ಒಮ್ಮೆ ಟೆಸ್ಟ್ ಮಾಡಿ. ತೊಂದರೆ ಕೆಲವೊಮ್ಮೆ ನಲ್ಲಿಯಿಂದಲೇ ಬರುತ್ತದೆ.

ಇನ್ನು ಟ್ಯಾಂಕಿನ ಮುಂದೆ ಸುಮ್ನೆ ಕೂತು ಹತ್ತು ನಿಮಿಷ ನೋಡಿ. ಮೀನು ಎಲ್ಲಿ ಗುಂಪು ಕಟ್ಟಿದೆ? ಮೇಲ್ಮೈಯಲ್ಲೋ, ಫಿಲ್ಟರಿನ ನೀರು ಬೀಳುವ ಕಡೆಯೋ, ತಳದಲ್ಲೋ? ಆಮೆ ಬಂದಾಗ ಮೀನು ಹಾರಿ ಓಡುತ್ತದೆಯೋ, ಇಲ್ಲ ಅಲ್ಲೇ ನಿಲ್ಲುತ್ತದೆಯೋ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಮೀನು ಕಾಣೆಯಾಗಿದೆ

ಹೆಣವೇ ಇಲ್ಲದಿದ್ದರೆ ಆಮೆ ತಿಂದಿದೆ ಎಂದು ಮುಗಿಸಬೇಡಿ. ಆಮೆ ಸತ್ತ ಮೀನನ್ನೂ ಬಿಡುವುದಿಲ್ಲ. ರಾತ್ರಿ ಅಮೋನಿಯಾದಿಂದ ಸತ್ತ ಮೀನು ಬೆಳಗಾಗುವುದರೊಳಗೆ ಮಾಯವಾಗಿರಬಹುದು. ಟ್ಯಾಂಕಿನ ಹಿಂದೆ, ಸ್ಟ್ಯಾಂಡಿನ ಕೆಳಗೆ ನೆಲ ನೋಡಿ. ಬಿಸಿಲು ಕಾಯಿಸುವ ಕಟ್ಟೆಗಾಗಿ ಮುಚ್ಚಳ ತೆಗೆದಿಟ್ಟ ಟ್ಯಾಂಕಿನಿಂದ ಮೀನು ಹಾರಿ ಬೀಳುವುದು ಮಾಮೂಲು. ಫಿಲ್ಟರಿನ ನೀರೆಳೆಯುವ ಬಾಯಿಯನ್ನೂ ಬಿಚ್ಚಿ ನೋಡಿ. ಆಮೆ ಕಾಲಿನಿಂದ ಅದರ ಜಾಲರಿ ಕಿತ್ತು ಹಾಕಿದ್ದರೆ ಸಣ್ಣ ಮೀನು ಸೀದಾ ಒಳಗೆ ಹೋಗುತ್ತದೆ. ಬಾಯಿಗೆ ಒರಟು ಸ್ಪಾಂಜ್ ಹಾಕಿದರೆ ಇದು ನಿಲ್ಲುತ್ತದೆ. ಆಮೆ ಆ ಸ್ಪಾಂಜನ್ನೇ ಕಚ್ಚಿ ತಿನ್ನುವುದಾದರೆ ಸ್ಟೀಲ್ ಜಾಲರಿ ಹಾಕಿ.

ಹೆಣ ಸಿಕ್ಕಿದ್ದರೆ ಗುರುತು ನೋಡಿ. ಜೀವ ಇದ್ದಾಗ ಕಚ್ಚಿಸಿಕೊಂಡ ಮೀನಿಗೆ ಬಾಲದ ಕಡೆ ಅಥವಾ ಹೊಟ್ಟೆಯ ಕಡೆ ಅರ್ಧ ಚಂದ್ರದ ಹಾಗೆ ತುಂಡು ಹೋಗಿರುತ್ತದೆ, ಸುತ್ತ ಕೆಂಪು ಕಟ್ಟಿರುತ್ತದೆ. ಸತ್ತ ಮೇಲೆ ತಿಂದದ್ದಾದರೆ ಗಾಯದ ಅಂಚು ಬಿಳಿಚಿರುತ್ತದೆ, ಮೆತ್ತಗಿನ ಹೊಟ್ಟೆ ಮೊದಲು ಹೋಗಿರುತ್ತದೆ. ಮೈಯೆಲ್ಲ ನೆಟ್ಟಗಿದ್ದು ಕಿವಿರು ಮಾತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ಮೇಲೆ ಅನುಮಾನ ಇಡಿ. ಕಡುಕೆಂಪಾಗಿ ಊದಿಕೊಂಡಿದ್ದರೆ ಅಮೋನಿಯಾ ಸುಟ್ಟಿರಬಹುದು. ಆದರೆ ತುಂಬಾ ಹೊತ್ತು ನೀರಿನಲ್ಲಿದ್ದ ಹೆಣದ ಕಿವಿರು ಹೇಗೂ ಬಣ್ಣಗೆಡುತ್ತದೆ. ಈಗಷ್ಟೇ ಸತ್ತ ಮೀನಿನಲ್ಲಿ ಮಾತ್ರ ಈ ಗುರುತನ್ನು ನಂಬಿ.

ಇಷ್ಟಾದರೂ ಗೊತ್ತಾಗಲಿಲ್ಲವೇ? ಹಾಗಾದರೆ ನಡುವೆ ಗೋಡೆ ಹಾಕಿ. ಪ್ಲಾಸ್ಟಿಕ್ ಜಾಲರಿಯನ್ನು ಟ್ಯಾಂಕಿನ ಅಗಲಕ್ಕೆ ಕತ್ತರಿಸಿ ಗಟ್ಟಿಯಾಗಿ ನಿಲ್ಲಿಸಿ, ಆಮೆ ಒಂದು ಕಡೆ, ಮೀನು ಇನ್ನೊಂದು ಕಡೆ. ನೀರು ಎರಡಕ್ಕೂ ಒಂದೇ. ಒಂದು ವಾರ ನೋಡಿ. ಮೀನು ಸಾಯುವುದು ನಿಂತರೆ ತಪ್ಪು ಆಮೆಯದು. ಗೋಡೆಯ ಆಚೆಯೂ ಸಾಯುತ್ತಿದ್ದರೆ ಆಮೆಯ ಬಾಯಿ ನಿರಪರಾಧಿ, ನೀರನ್ನು ಹಿಡಿಯಿರಿ. ಇಷ್ಟು ಖಚಿತವಾಗಿ ಉತ್ತರ ಕೊಡುವ ಪರೀಕ್ಷೆ ಬೇರೆ ಇಲ್ಲ, ಆದರೂ ಇದನ್ನು ಮಾಡುವವರು ಅಪರೂಪ.

ಕಚ್ಚುವುದೇ ನಿಜವಾದರೆ

ಯಾವ ಮೀನು, ಯಾವ ಆಮೆ, ಯಾವ ಹೊತ್ತು ಎಂದು ನೋಡಿ. ಸ್ಲೈಡರ್ ಹಗಲಿನ ಪ್ರಾಣಿ, ಚೆನ್ನಾಗಿ ಈಜುತ್ತದೆ. ಮರಿ ಸ್ಲೈಡರ್ ಹೆಚ್ಚಾಗಿ ಮಾಂಸವನ್ನೇ ಹುಡುಕುತ್ತದೆ, ದೊಡ್ಡದಾಗುತ್ತಾ ಸೊಪ್ಪಿನ ಕಡೆ ವಾಲುತ್ತದೆ. ಹಾಗಂತ ದೊಡ್ಡ ಆಮೆ ಮೀನು ಬಿಟ್ಟುಬಿಡುತ್ತದೆ ಎಂದಲ್ಲ. ಮಸ್ಕ್ ಆಮೆ ತಳದಲ್ಲಿ ನಡೆದಾಡುವ ಜಾತಿ, ಈಜು ಅಷ್ಟಕ್ಕಷ್ಟೇ. ಆದರೆ ಕತ್ತಲಾದ ಮೇಲೆ ಓಡಾಡುತ್ತದೆ, ತಳದಲ್ಲಿ ಮಲಗಿದ ಮೀನು ಅದಕ್ಕೆ ಸುಲಭದ ತುತ್ತು. ಮಸ್ಕ್ ಆಮೆಯ ಟ್ಯಾಂಕಿನಲ್ಲಿ ಬೆಳಗ್ಗೆ ಮಾತ್ರ ಮೀನು ಕಡಿಮೆಯಾಗುತ್ತಿದ್ದರೆ ಇದನ್ನು ನೆನಪಿಸಿಕೊಳ್ಳಿ.

ಜೀಬ್ರಾ ಡೇನಿಯೋ, ರೋಸಿ ಬಾರ್ಬ್‌ನಂಥ ಚುರುಕು ಮೀನು ಹೆಚ್ಚು ಕಾಲ ಉಳಿಯುತ್ತವೆ. ಏಂಜೆಲ್, ಬೆಟ್ಟಾ, ಗುಂಡು ಹೊಟ್ಟೆಯ ಗೋಲ್ಡ್ ಫಿಶ್, ಉದ್ದ ಬಾಲದ ಯಾವ ಮೀನೂ ಇಲ್ಲಿಗಲ್ಲ. ಗೋಲ್ಡ್ ಫಿಶ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅದರ ಮೈಯಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇದೆ, ಅದು ಬಿ1 ವಿಟಮಿನ್ನನ್ನು ಒಡೆಯುತ್ತದೆ. ಆಮೆ ಅದನ್ನೇ ಮೇಲಿಂದ ಮೇಲೆ ತಿಂದರೆ ಕೊನೆಗೆ ಕಾಯಿಲೆ ಬೀಳುವುದು ಆಮೆ.

ಈಗ ಎಲ್ಲರೂ ಮಾಡುವ ಉಪಾಯ: "ಹೊಟ್ಟೆ ತುಂಬಿದ್ದರೆ ಕಚ್ಚಲ್ಲ" ಅಂತ ಆಮೆಗೆ ಜಾಸ್ತಿ ಹಾಕುವುದು. ನನಗೆ ಕೇಳಿದರೆ ಇದಕ್ಕಿಂತ ಕೆಟ್ಟ ಪರಿಹಾರ ಇನ್ನೊಂದಿಲ್ಲ. ಹೊಟ್ಟೆ ತುಂಬಿದ ಆಮೆಯೂ ಮೂಗಿನ ಮುಂದೆ ಹಾದು ಹೋದದ್ದಕ್ಕೆ ಬಾಯಿ ಹಾಕುತ್ತದೆ. ಹೆಚ್ಚುವರಿ ಆಹಾರ ಕಸವಾಗುತ್ತದೆ, ಕಸ ಅಮೋನಿಯಾ ಆಗುತ್ತದೆ, ಅಮೋನಿಯಾ ಮೀನನ್ನು ನಿಧಾನ ಮಾಡುತ್ತದೆ, ನಿಧಾನವಾದ ಮೀನು ಆಮೆಗೆ ಸಿಗುತ್ತದೆ. ನೀವು ಇನ್ನಷ್ಟು ಆಹಾರ ಹಾಕುತ್ತೀರಿ. ಮೀನು ಪೂರ್ತಿ ಖಾಲಿಯಾಗುವವರೆಗೆ ಈ ಚಕ್ರ ತಿರುಗುತ್ತಲೇ ಇರುತ್ತದೆ. ಒಂದು ಹೊತ್ತಿನ ಕಾಳು ಆಮೆಯ ತಲೆಯ ಗಾತ್ರದಷ್ಟಿದ್ದರೆ ಸಾಕು. ಮರಿಗೆ ದಿನಾ, ಬೆಳೆದದ್ದಕ್ಕೆ ದಿನ ಬಿಟ್ಟು ದಿನ. ಆಮೆ ಗಾಜಿಗೆ ಮುಖ ಒತ್ತಿ ಬೇಡುವುದನ್ನು ನಂಬಬೇಡಿ, ಅದು ಯಾವಾಗಲೂ ಬೇಡುತ್ತದೆ. ಬೇರೆ ಟಬ್ಬಿನಲ್ಲಿ ಊಟ ಹಾಕಿ ವಾಪಸ್ ಬಿಡುವ ಅಭ್ಯಾಸ ಮಾಡಿದರೆ ಕಸದ ದೊಡ್ಡ ಪಾಲು ಹೊರಗೇ ಉಳಿಯುತ್ತದೆ.

ಮೀನು ಮೇಲೆ ಬಂದು ಬಾಯಿ ಆಡಿಸುತ್ತಿದೆ

ಈ ಲಕ್ಷಣಕ್ಕೆ ಮೂರು ಕಾರಣ ಇರಬಹುದು: ಆಮ್ಲಜನಕ ಕಡಿಮೆ, ಅಮೋನಿಯಾ, ನೈಟ್ರೈಟ್. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ.

ಮೊದಲು ಏರ್ ಪಂಪಿನ ಕೊಳವೆಗೆ ಗುಳ್ಳೆ ಬಿಡುವ ಕಲ್ಲು (ಏರ್ ಸ್ಟೋನ್) ಸಿಕ್ಕಿಸಿ ಜೋರಾಗಿ ಬಿಡಿ, ಇಲ್ಲವೇ ಫಿಲ್ಟರಿನ ನೀರು ಮೇಲಿಂದ ಸದ್ದು ಮಾಡಿ ಬೀಳುವ ಹಾಗೆ ಕೊಳವೆ ಎತ್ತಿ ಕಟ್ಟಿ. ಅರ್ಧ ಗಂಟೆಯಲ್ಲಿ ಮೀನು ಕೆಳಗಿಳಿದರೆ ಆಮ್ಲಜನಕದ ಕೊರತೆ. ಇಳಿಯದಿದ್ದರೆ ವಿಷ.

ಆಮ್ಲಜನಕ ಎಲ್ಲಿ ಹೋಯಿತು? ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಹಿಡಿಯುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯದು ಏಳೂವರೆ. ಆಮೆಗೆ ಬೇಕಾದ ಬಿಸಿ ದೀಪ ಕಟ್ಟೆಯ ಮೇಲಿರಬೇಕು. ಅದು ನೀರಿನ ಮೇಲೇ ಬಿದ್ದರೆ ಮೇಲ್ಮೈ ಕಾದು ಮೀನಿಗೆ ಉಸಿರು ಕಟ್ಟುತ್ತದೆ. ಕಟ್ಟೆ 30ರಿಂದ 35 ಡಿಗ್ರಿ, ನೀರು 24ರಿಂದ 26 ಇದ್ದರೆ ಇಬ್ಬರಿಗೂ ಆಗುತ್ತದೆ. ಎರಡು ಕಡೆಯೂ ಥರ್ಮಾಮೀಟರ್ ಇಟ್ಟು ನೋಡಿ, ಕೈಯಿಂದ ಮುಟ್ಟಿ ಅಂದಾಜು ಮಾಡಬೇಡಿ. ಟ್ಯಾಂಕಿನಲ್ಲಿ ಗಿಡ ಜಾಸ್ತಿ ಇದ್ದು ಬೆಳಗಿನ ಜಾವ ಮಾತ್ರ ಮೀನು ಮೇಲೆ ಬರುತ್ತಿದ್ದರೆ ರಾತ್ರಿ ಗಿಡಗಳೂ ಆಮ್ಲಜನಕ ಖರ್ಚು ಮಾಡಿವೆ. ರಾತ್ರಿಯಿಡೀ ಏರ್ ಪಂಪ್ ಓಡಿಸಿ.

ಟೆಸ್ಟ್ ಕಿಟ್ಟಿನ ಅಂಕಿ ಏನು ಹೇಳುತ್ತದೆ

ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ನೈಟ್ರೇಟ್ 40 ಪಿಪಿಎಂ (ಲೀಟರಿಗೆ 40 ಮಿಲಿಗ್ರಾಂ) ಒಳಗಿದ್ದರೆ ಸಾಕು.

ಅಮೋನಿಯಾ ಇದೆ, ನೈಟ್ರೇಟ್ ಸೊನ್ನೆ: ಟ್ಯಾಂಕ್ ಹೊಸದು, ಒಳ್ಳೆಯ ಬ್ಯಾಕ್ಟೀರಿಯಾ ಇನ್ನೂ ಕೂತಿಲ್ಲ. ಅದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ಬೇರೆ ಕಡೆ ಇರಲಿ. ಅಮೋನಿಯಾವೂ ಇದೆ, ನೈಟ್ರೇಟೂ ತುಂಬಾ ಇದೆ ಅಂದರೆ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ, ಆದರೆ ಹೊರೆ ಜಾಸ್ತಿ. ಆಮೆ ದೊಡ್ಡದಾಗಿದೆ ಅಥವಾ ಫಿಲ್ಟರ್ ಸಣ್ಣದು. ನೈಟ್ರೈಟ್ ಮಾತ್ರ ಏರಿದ್ದರೆ ಬ್ಯಾಕ್ಟೀರಿಯಾದ ಎರಡನೇ ಗುಂಪಿಗೆ ಪೆಟ್ಟು ಬಿದ್ದಿದೆ ಅಥವಾ ಅದು ಇನ್ನೂ ಬೆಳೆಯುತ್ತಿದೆ. ನೈಟ್ರೈಟ್ ಮೀನಿನ ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ನೀರು ಬದಲಿಸುವುದರ ಜೊತೆಗೆ ಲೀಟರಿಗೆ ಸುಮಾರು 1 ಗ್ರಾಂನಂತೆ, ಬೇರೇನೂ ಬೆರೆಸದ ಉಪ್ಪನ್ನು ಕರಗಿಸಿ ಹಾಕಿದರೆ ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟನ್ನು ತಡೆಯುತ್ತದೆ. ಆಮೆಗೆ ಅಷ್ಟು ಉಪ್ಪಿನಿಂದ ತೊಂದರೆ ಇಲ್ಲ.

ಇನ್ನು ಪಿಎಚ್. ಇದನ್ನು ಬಿಟ್ಟು ಅಮೋನಿಯಾದ ಅಂಕಿ ಓದಿದರೆ ಅರ್ಥವೇ ಆಗುವುದಿಲ್ಲ. ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ಮೀನನ್ನು ಕೊಲ್ಲುವ ರೂಪ 25 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ನೂರಕ್ಕೆ ಸುಮಾರು 0.5 ಪಾಲು. ಪಿಎಚ್ 8 ಆದರೆ ನೂರಕ್ಕೆ ಐದು. ಅಂದರೆ ಅದೇ ಅಂಕಿ, ಹತ್ತುಪಟ್ಟು ವಿಷ.

"ನೀರು ಬದಲಿಸಿದ ಮೇಲೇ ಸತ್ತವು" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ, ಪಿಎಚ್ ಇಳಿಯದಂತೆ ಹಿಡಿದಿಡುವ ನೀರಿನ ಕಾರ್ಬೊನೇಟ್ ಖರ್ಚಾಗುತ್ತದೆ. ಆಮೆಯ ಹೊರೆ ಇರುವ ಟ್ಯಾಂಕಿನಲ್ಲಿ ಬೇಗ ಖರ್ಚಾಗುತ್ತದೆ. ಕಾರ್ಬೊನೇಟ್ ಮುಗಿದರೆ ಪಿಎಚ್ 6ಕ್ಕೆ, ಅದಕ್ಕಿಂತ ಕೆಳಗೂ ಜಾರುತ್ತದೆ. ಆ ಮಟ್ಟದಲ್ಲಿ ಬ್ಯಾಕ್ಟೀರಿಯಾ ಮಂದವಾಗಿ ಅಮೋನಿಯಾ ಕೂಡುತ್ತಾ ಹೋಗುತ್ತದೆ. ಪಿಎಚ್ ಕಡಿಮೆ ಇರುವುದರಿಂದ ಅದರ ವಿಷ ಕಾಣುವುದಿಲ್ಲ, ಮೀನು ಹೇಗೋ ಬದುಕಿರುತ್ತದೆ. ನೀವು ಬಹಳ ದಿನದ ಮೇಲೆ ಒಮ್ಮೆಗೇ ಅರ್ಧ ಟ್ಯಾಂಕ್ ಹೊಸ ನೀರು ಹಾಕುತ್ತೀರಿ, ಪಿಎಚ್ ಸರ್ರನೆ ಮೇಲೇರುತ್ತದೆ, ಸುಮ್ಮನಿದ್ದ ಅಮೋನಿಯಾ ವಿಷವಾಗುತ್ತದೆ. ಟ್ಯಾಂಕಿನ ಪಿಎಚ್ಚಿಗೂ ನಲ್ಲಿಯ ಪಿಎಚ್ಚಿಗೂ ಒಂದು ಅಂಕಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಮೀನನ್ನು ಬೇರೆ ಟಬ್ಬಿಗೆ ನಿಧಾನಕ್ಕೆ ಹೊಂದಿಸಿ ಸಾಗಿಸಿ, ಆಮೇಲೆ ಟ್ಯಾಂಕ್ ಸರಿಮಾಡಿ. ಟಬ್ ಇಲ್ಲದಿದ್ದರೆ ದಿನಕ್ಕೆ ಹತ್ತನೇ ಒಂದು ಪಾಲು ನೀರು ಮಾತ್ರ ಬದಲಿಸುತ್ತಾ ಹೋಗಿ.

ನಲ್ಲಿ ನೀರಿನಲ್ಲೇ ಅಮೋನಿಯಾ ಕಂಡರೆ ಅದಕ್ಕೆ ಕ್ಲೋರಮೈನ್ (ಕ್ಲೋರಿನ್, ಅಮೋನಿಯಾ ಸೇರಿದ, ನೀರು ಶುದ್ಧ ಮಾಡುವ ರಾಸಾಯನಿಕ) ಹಾಕಿರಬಹುದು. ಕ್ಲೋರಿನ್ ಒಂದು ದಿನ ತೆರೆದಿಟ್ಟರೆ ಹಾರಿಹೋಗುತ್ತದೆ, ಕ್ಲೋರಮೈನ್ ಹಾಗೆ ಹೋಗುವುದಿಲ್ಲ. ಅದನ್ನು ಒಡೆಯುವ ಡಿಕ್ಲೋರಿನೇಟರ್ ಹಾಕಲೇಬೇಕು.

ಫಿಲ್ಟರ್ ಓಡುತ್ತಿದೆ, ಆದರೂ ಅಮೋನಿಯಾ ಇಳಿಯುತ್ತಿಲ್ಲ

ಮೋಟಾರ್ ಸದ್ದು ಬಂದ ಮಾತ್ರಕ್ಕೆ ಫಿಲ್ಟರ್ ಕೆಲಸ ಮಾಡುತ್ತಿದೆ ಎಂದಲ್ಲ. ನೀರು ಹೊರಬರುವ ಕಡೆ 1 ಲೀಟರ್ ಮಗ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. 10 ಸೆಕೆಂಡಾದರೆ ಗಂಟೆಗೆ 360 ಲೀಟರ್. ಟ್ಯಾಂಕಿನ ನೀರು ಗಂಟೆಗೆ ಕನಿಷ್ಠ ನಾಲ್ಕು ಸಲ ಫಿಲ್ಟರಿನೊಳಗೆ ಹಾದು ಬರಬೇಕು. ಡಬ್ಬಿಯ ಮೇಲೆ ಬರೆದಿರುವ ಅಂಕಿ ಸಾಮಾನ್ಯವಾಗಿ ಖಾಲಿ ಫಿಲ್ಟರಿನದು, ಕಸ ತುಂಬಿದ ಸ್ಪಾಂಜಿನ ಜೊತೆ ಅಷ್ಟು ಬರುವುದಿಲ್ಲ. ಆಮೆ ಟ್ಯಾಂಕಿಗೆ ಬರೀ ಮೀನಿನ ಟ್ಯಾಂಕಿಗಿಂತ ಎರಡು ಪಟ್ಟು ಶಕ್ತಿಯ ಫಿಲ್ಟರ್ ತರಬೇಕು ಎನ್ನುವುದು ಇದಕ್ಕೇ.

ಹರಿವು ಸರಿಯಿದ್ದರೆ ಕೊನೆಯ ಸಲ ಹೇಗೆ ತೊಳೆದಿರಿ ಎಂದು ಯೋಚಿಸಿ. ಸ್ಪಾಂಜ್, ಸೆರಾಮಿಕ್ ಉಂಗುರ ಎಲ್ಲವನ್ನೂ ನಲ್ಲಿ ಕೆಳಗೆ ಹಿಡಿದು ಪಳಪಳ ಹೊಳೆಯುವಂತೆ ಉಜ್ಜಿದ್ದರೆ ಬ್ಯಾಕ್ಟೀರಿಯಾವನ್ನೇ ತೊಳೆದು ಬಿಟ್ಟಿದ್ದೀರಿ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ, ಒಮ್ಮೆಗೆ ಅರ್ಧ ಮಾತ್ರ. ಕರೆಂಟ್ ಹೋಗಿ ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗೆ ಮುಚ್ಚಿದ ಡಬ್ಬಿಯಲ್ಲಿರುವುದು) ಗಂಟೆಗಟ್ಟಲೆ ನಿಂತಿದ್ದರೆ ಹಾಗೆಯೇ ಮತ್ತೆ ಚಾಲು ಮಾಡಬೇಡಿ. ಒಳಗಿನ ನೀರು ಕೊಳೆತಿರುತ್ತದೆ. ಬಿಚ್ಚಿ, ಆ ನೀರು ಚೆಲ್ಲಿ, ಆಮೇಲೆ ಹಾಕಿ.

ಇದೆಲ್ಲ ಸರಿ, ಆದರೂ ಅಮೋನಿಯಾ ಇದೆ ಎಂದರೆ ಟೇಪ್ ತಂದು ಚಿಪ್ಪು ಅಳೆಯಿರಿ. ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 38 ಲೀಟರ್ ನೀರು ಎಂಬುದು ಆಮೆ ಸಾಕುವವರ ಲೆಕ್ಕ. ಎಂಟು ಇಂಚಿನ ಸ್ಲೈಡರಿಗೆ 300 ಲೀಟರ್, ಅದೂ ಆಮೆಗೆ ಮಾತ್ರ. ಹೆಣ್ಣು ಸ್ಲೈಡರ್ 25 ಸೆಂಟಿಮೀಟರ್ ದಾಟುತ್ತದೆ. ಟ್ಯಾಂಕನ್ನು ಅರ್ಧ ಮಾತ್ರ ತುಂಬಿಸಿದ್ದರೆ ಇರುವ ನೀರನ್ನು ಲೆಕ್ಕಕ್ಕೆ ಹಿಡಿಯಿರಿ, ಗಾಜಿನ ಅಳತೆಯನ್ನಲ್ಲ.

ನೀರು ಮಬ್ಬಾಗಿದೆ ಎಂಬ ದೂರಿಗೆ ಹೆಚ್ಚು ಹೇಳುವುದೇನಿಲ್ಲ. ಹಾಲಿನ ಥರ ಬೆಳ್ಳಗಿದ್ದರೆ ಬ್ಯಾಕ್ಟೀರಿಯಾ ಉಕ್ಕಿದೆ, ಅಮೋನಿಯಾ ನೋಡಿ. ಹಸಿರಾಗಿದ್ದರೆ ಬೆಳಕು ಜಾಸ್ತಿ, ನೈಟ್ರೇಟ್ ಜಾಸ್ತಿ. ಹಸಿರು ನೀರು ನೋಡಲು ಚೆನ್ನಾಗಿಲ್ಲ ಅಷ್ಟೇ, ಅದರಿಂದ ಸಾಮಾನ್ಯವಾಗಿ ಯಾರೂ ಸಾಯುವುದಿಲ್ಲ.

ತೊಂದರೆ ಆಮೆಗಾದಾಗ

ಮೀನೂ ಕಚ್ಚುತ್ತದೆ, ಇದನ್ನು ಜನ ಮರೆಯುತ್ತಾರೆ. ಆಮೆಯ ಬಾಲದ ತುದಿ, ಹಿಂಗಾಲಿನ ಬೆರಳು ತರಿದಂತೆ ಕಂಡರೆ ಸಿಕ್ಲಿಡ್ ಅಥವಾ ಟೈಗರ್ ಬಾರ್ಬ್ ಇದೆಯೇ ನೋಡಿ. ಪಾಚಿ ತಿನ್ನಲೆಂದು ತಂದ ಪ್ಲೆಕೋ ಚಿಪ್ಪಿಗೆ ಅಂಟಿಕೊಂಡು ಕೆರೆಯುವುದೂ ಉಂಟು. ಪ್ಲೆಕೋ, ಕೋರಿಡೋರಸ್ ಥರದ ಕ್ಯಾಟ್ ಫಿಶ್‌ಗಳ ರೆಕ್ಕೆಯಲ್ಲಿ ಗಟ್ಟಿ ಮುಳ್ಳಿದೆ. ಆಮೆ ನುಂಗಲು ಹೋದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಜೋಡಿ ಬೇಡವೇ ಬೇಡ ಎನ್ನುತ್ತೇನೆ.

ಆಮೆ ಒಂದು ಪಕ್ಕಕ್ಕೆ ವಾಲಿ ತೇಲುತ್ತಿದೆ, ಮೂಗಿನಲ್ಲಿ ಗುಳ್ಳೆ ಬರುತ್ತಿದೆ, ಬಾಯಿ ತೆರೆದು ಉಸಿರಾಡುತ್ತಿದೆ ಎಂದರೆ ಶ್ವಾಸಕೋಶದ ಸೋಂಕಿರಬಹುದು. ಇದು ಮನೆಮದ್ದಿನ ಕೆಲಸ ಅಲ್ಲ, ಸರೀಸೃಪ ನೋಡುವ ಪಶುವೈದ್ಯರ ಹತ್ತಿರ ಹೋಗಿ. ಕಣ್ಣು ಊದಿ ಮುಚ್ಚಿಕೊಂಡಿದ್ದರೆ ಎರಡು ಅನುಮಾನ: ಕೊಳಕು ನೀರು, ಇಲ್ಲವೇ ವಿಟಮಿನ್ ಎ ಕೊರತೆ. ಅಮೋನಿಯಾ ಅಂಕಿ ನಿಮ್ಮ ಹತ್ತಿರ ಇದ್ದರೆ ವೈದ್ಯರಿಗೆ ಅದನ್ನೂ ಹೇಳಿ.

ಚಿಪ್ಪಿನ ಮೇಲೆ ಬಿಳಿ ಕಂಡರೆ ಗಾಬರಿ ಬೇಡ. ಒಣಗಿದಾಗ ಕಂಡು ಒದ್ದೆಯಾದಾಗ ಮರೆಯಾದರೆ ಗಡಸು ನೀರಿನ ಕಲೆ. ಚಿಪ್ಪಿನ ಒಂದೊಂದು ಬಿಲ್ಲೆ ತೆಳ್ಳಗೆ ಇಡಿಯಾಗಿ ಏಳುತ್ತಿದ್ದರೆ ಅದು ಪೊರೆ ಬಿಡುವುದು, ಕೀಳಬೇಡಿ. ಹತ್ತಿಯ ಹಾಗಿದ್ದರೆ ಶಿಲೀಂಧ್ರ. ಒತ್ತಿದರೆ ಮೆತ್ತಗಿದ್ದು ವಾಸನೆ ಬಂದರೆ ಚಿಪ್ಪು ಕೊಳೆಯುತ್ತಿದೆ, ತಡ ಮಾಡಬೇಡಿ. ಕೊನೆಯ ಎರಡರಲ್ಲೂ ಆಮೆ ದಿನಾ ಪೂರ್ತಿ ಒಣಗುತ್ತಿದೆಯೇ ಎಂದು ನೋಡಿ. ಕಟ್ಟೆ ಚಿಕ್ಕದಾಗಿ ಹೊಟ್ಟೆ ನೀರಿನಲ್ಲೇ ಇದ್ದರೆ ಔಷಧಿ ಹಚ್ಚಿ ಏನು ಪ್ರಯೋಜನ? ಯುವಿಬಿ (ಬಿಸಿಲಿನಲ್ಲಿರುವಂಥ ನೇರಳಾತೀತ ಕಿರಣ) ದೀಪದ ಬೆಳಕು ಕಟ್ಟೆಯ ಮೇಲೆ ನೇರವಾಗಿ ಬೀಳಬೇಕು. ನಡುವೆ ಗಾಜಿದ್ದರೆ ಯುವಿಬಿ ಅಲ್ಲೇ ನಿಲ್ಲುತ್ತದೆ. ದೀಪ ಉರಿಯುತ್ತಿದ್ದರೂ ಕಾಲ ಕಳೆದಂತೆ ಯುವಿಬಿ ಕುಗ್ಗುತ್ತದೆ, ಆರರಿಂದ ಹನ್ನೆರಡು ತಿಂಗಳಿಗೆ ಬದಲಿಸಿ.

ಮೀನಿನ ಮೈಮೇಲೆ ಬಿಳಿ ಚುಕ್ಕೆ

ಉಪ್ಪು ಚಿಮುಕಿಸಿದ ಹಾಗೆ ಚುಕ್ಕೆ ಕಂಡರೆ ಅದು ಇಕ್ ಎಂಬ ಪರಾವಲಂಬಿ. ಆಮೆಗೆ ಇದು ಬರುವುದಿಲ್ಲ. ಇದಕ್ಕೆ ಕೊಡುವ ಮ್ಯಾಲಕೈಟ್ ಗ್ರೀನ್, ಫಾರ್ಮಲಿನ್ ಔಷಧಿ ಆಮೆ ಇರುವ ನೀರಿಗೆ ಬೇಡ. ಆಮೆಯನ್ನು ಹೊರಗೆ ಹಾಕಿ ಟ್ಯಾಂಕಿಗೆ ಔಷಧಿ ಹಾಕುವುದಕ್ಕಿಂತ ಮೀನನ್ನೇ ಬೇರೆ ಟ್ಯಾಂಕಿಗೆ ಹಾಕಿ ಅಲ್ಲಿ ಔಷಧಿ ಕೊಡುವುದು ಜಾಣತನ. ಮೀನಿಲ್ಲದ ಟ್ಯಾಂಕಿನಲ್ಲಿ ಪರಾವಲಂಬಿಗೆ ಹಿಡಿದುಕೊಳ್ಳಲು ಏನೂ ಸಿಗದೆ ತಾನೇ ಸಾಯುತ್ತದೆ. ಎರಡು ವಾರ ಬಿಟ್ಟರೆ ನಿಶ್ಚಿಂತೆ. ಚುಕ್ಕೆ ಮಾಯವಾದ ತಕ್ಷಣ ಔಷಧಿ ನಿಲ್ಲಿಸಬೇಡಿ. ಅದು ಮೈಮೇಲಿನ ಚುಕ್ಕೆಯನ್ನು ಮುಟ್ಟುವುದಿಲ್ಲ, ನೀರಿನಲ್ಲಿ ಈಜುವ ಹಂತವನ್ನಷ್ಟೇ ಕೊಲ್ಲುತ್ತದೆ. ಹೊಸ ಮೀನು ತಂದಾಗಲೆಲ್ಲ ಎರಡರಿಂದ ನಾಲ್ಕು ವಾರ ಬೇರೆ ಇಟ್ಟಿದ್ದರೆ ಈ ಕಷ್ಟವೇ ಬರುವುದಿಲ್ಲ, ಅಲ್ವಾ?

ಎಲ್ಲ ಮೀನೂ ಒಟ್ಟಿಗೆ ವಿಚಿತ್ರವಾಗಿ ಈಜುತ್ತಿದ್ದರೆ

ಹೀಟರ್ ನೋಡಿ, ಆದರೆ ಮೊದಲು ಪ್ಲಗ್ ಕೀಳಿ. ಗಾಜಿನ ಹೀಟರನ್ನು ಆಮೆ ಚಿಪ್ಪಿನಿಂದ ಗುದ್ದಿ ಒಡೆಯುತ್ತದೆ, ಬಿರುಕಿನಿಂದ ಕರೆಂಟ್ ನೀರಿಗೆ ಹರಿಯುತ್ತದೆ. ಪ್ಲಗ್ ಕೀಳದೆ ಈ ಟ್ಯಾಂಕಿಗೆ ಎಂದೂ ಕೈ ಹಾಕಬೇಡಿ. ಬಿರುಕಿದ್ದರೆ ಎಸೆಯಿರಿ, ಹೊಸದಕ್ಕೆ ಪ್ಲಾಸ್ಟಿಕ್ ಗೂಡು ಹಾಕಿ. ಕೈ ಹೊರತೆಗೆದ ಮೇಲೆ ಸೋಪಿನಿಂದ ತೊಳೆಯಿರಿ. ಆರೋಗ್ಯವಾಗಿ ಕಾಣುವ ಆಮೆಯೂ ಸಾಲ್ಮೊನೆಲ್ಲಾ ಎಂಬ ರೋಗಾಣು ಹೊತ್ತಿರಬಹುದು.

ಬೇರೆ ಮಾಡುವುದು ಯಾವಾಗ

ಗೋಡೆ ಹಾಕಿದಾಗ ಮೀನು ಉಳಿದು, ತೆಗೆದ ಕೂಡಲೇ ಮತ್ತೆ ಕಚ್ಚಿಸಿಕೊಂಡರೆ ಆ ಆಮೆಗೆ ಮೀನಿನ ಜೊತೆ ಬಾಳುವ ಸ್ವಭಾವ ಇಲ್ಲ. ಮೀನು ಬದಲಿಸಿ ನೋಡುತ್ತಾ ಹೋದರೆ ಅದಕ್ಕೆ ಊಟ ಒದಗಿಸಿದಂತಾಗುತ್ತದೆ. ನೀರಿನ ತೊಂದರೆ ಇದ್ದು, ಫಿಲ್ಟರ್ ದೊಡ್ಡದು ಮಾಡಿ, ಆಹಾರ ಕಡಿಮೆ ಮಾಡಿ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದ ಮೇಲೂ ಅಮೋನಿಯಾ ಸೊನ್ನೆಗೆ ಬರುತ್ತಿಲ್ಲವಾದರೆ ಟ್ಯಾಂಕಿನಲ್ಲಿ ಇಬ್ಬರಿಗೂ ಜಾಗವಿಲ್ಲ. ಎರಡೂ ಸಂದರ್ಭದಲ್ಲಿ ಹಳೆಯ ಫಿಲ್ಟರಿನ ಅರ್ಧ ಸ್ಪಾಂಜನ್ನು ಮೀನಿನ ಹೊಸ ಟ್ಯಾಂಕಿಗೆ ಹಾಕಿ. ಬ್ಯಾಕ್ಟೀರಿಯಾ ಅದರ ಜೊತೆಗೇ ಬರುತ್ತದೆ, ಆರು ವಾರ ಕಾಯುವ ಕೆಲಸ ತಪ್ಪುತ್ತದೆ.